ಗಟ್ಟಿ ಗ್ರೀಸು

ಸದ್ದಿಲ್ಲ, ಚಕ್ರ ಸುತ್ತುತ್ತಿದೆ, ಸದ್ದು ಮಾತ್ರ ಇಲ್ಲ, ಬೆರಳಿನಿಂದ ಇನ್ನೊಮ್ಮೆ ದೂಡಿದೆ, ಎರಡು ಸಲ ಕಿಟ್ ಕಿಟ್ ಅಂದು ಮತ್ತೆ ಸುಮ್ಮನಾಯಿತು — ಗಿರಾಕಿಗಳಾದರೆ ಎಷ್ಟು ನುಣ್ಣಗೆ ತಿರುಗುತ್ತೆ ನೋಡಿ ಅಂತ ಖುಷಿಪಡುತ್ತಾರೆ, ಇಪ್ಪತ್ತು ವರ್ಷ ಸೈಕಲ್ ರಿಪೇರಿ ಮಾಡಿದವನಿಗೆ ಗೊತ್ತಿರಬೇಡವೇ, ಫ್ರೀವೀಲ್ ಕಿಟಕಿಟ ಅನ್ನುತ್ತಿದ್ದರೇ ಕ್ಷೇಮ, ಒಳಗಿನ ಪುಟ್ಟ ನಾಲಿಗೆಗಳು ಎದ್ದು ಹಲ್ಲಿಗೆ ಬಡಿಯುತ್ತಿವೆ ಅಂತ ಅರ್ಥ, ಕಾಲು ಒತ್ತಿದ ಕೂಡಲೇ ಅವೇ ಹಲ್ಲನ್ನು ಕಚ್ಚಿ ಚಕ್ರವನ್ನು ಎಳೆಯಬೇಕು, ಅವು ಏಳದಿದ್ದರೆ ಪೆಡಲ್ ಗಾಳಿಯಲ್ಲಿ ಜಾರುತ್ತದೆ, ಎರಡು ಚಕ್ರದ ಸೈಕಲ್ಲಾದರೆ ಬೈದುಕೊಂಡು ಇಳಿಯಬಹುದು, ಒಂದೇ ಚಕ್ರ ಇರುವವರು ಎಲ್ಲಿಗೆ ಇಳಿಯುತ್ತಾರೆ, ನೆಲಕ್ಕೇ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅಕ್ಕ ಕೂತಿದ್ದಾಳೆ, ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಎರಡೂ ಕೈ, ಚೆನ್ನಾಗಿ ತೊಳೆದು ಕೊಡೋ, ತಗೊಳ್ಳೋವ್ರಿಗೆ ಮೋಸ ಆಗಬಾರದು ಅನ್ನುತ್ತಾಳೆ, ಮೋಸ ಅನ್ನುವ ಮಾತು ಅವಳ ಬಾಯಲ್ಲೇ ಬರಬೇಕೇ, ನಾಲ್ಕು ಗಂಟೆಗೆ ಫೋಟೋ ಸ್ಟುಡಿಯೋದವನು ಬರುತ್ತಾನೆ, ಕೊಂಡು ಓಡಿಸುವುದಕ್ಕಲ್ಲ, ಗೋಡೆಗೆ ಮೊಳೆ ಹೊಡೆದು ನೇತುಹಾಕುವುದಕ್ಕೆ, ಅದರ ಮುಂದೆ ಜನ ನಿಂತು ಫೋಟೋ ತೆಗೆಸಿಕೊಳ್ಳಲಿ ಅಂತ, ಹನ್ನೊಂದು ವರ್ಷ ಅಕ್ಕ ಶಾಲೆಗೆ ಹೋಗಿ ಬಂದ ಒಂಟಿಚಕ್ರದ ಸೈಕಲ್ಲು ಅದು.

ಒಂಟಿಚಕ್ರ ಟೀಚರ್ ಅಂತಲೇ ಮಕ್ಕಳು ಕರೆಯುವುದು, ಲೆಕ್ಕದ ಟೀಚರ್ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಮೊದಲು ಫ್ರೀವೀಲ್ ಇರಲಿಲ್ಲ, ಪೆಡಲ್ ಚಕ್ರಕ್ಕೇ ಬೆಸೆದುಕೊಂಡಿತ್ತು, ಇಳಿಜಾರಿನಲ್ಲಿ ಕಾಲು ಗಿರಗಿರ ತಿರುಗುತ್ತಲೇ ಇರಬೇಕು, ಒಂದು ದಿನ ಬಂದಳು, ಕಾಲು ಸುಮ್ಮನಿಟ್ಟುಕೊಂಡು ಇಳೀಬೇಕು ಕಣೋ, ಹದ್ದು ಹೋಗಲ್ವಾ ಹಾಗೆ, ಅಂದಳು, ನಾನೇ ಫ್ರೀವೀಲ್ ಹಾಕಿದೆ, ಸೀಟಿನ ಕೆಳಗೆ ಬ್ರೇಕ್ ಕೂರಿಸಿದೆ, ಹಿಂದಕ್ಕೆ ತುಳಿದು ನಿಲ್ಲಿಸೋಕಾಗಲ್ಲ ಹುಷಾರು ಅಂದೆ, ಹುಷಾರು ಅಂದವನು ನಾನು! ಎರಡು ತಿಂಗಳ ಹಿಂದೆ, ಸದ್ದು ಜಾಸ್ತಿಯಾಗಿದೆ, ಮಕ್ಕಳು ಗಡಿಯಾರ ಬಂತು ಗಡಿಯಾರ ಬಂತು ಅಂತ ನಗ್ತಾರೆ ಅಂತ ತಂದುಕೊಟ್ಟಳು, ತೆಳು ಎಣ್ಣೆಯ ಡಬ್ಬಿ ಖಾಲಿ, ಎರಡು ಬೀದಿ ಆಚೆ ಹೋದರೆ ಸಿಗುತ್ತಿತ್ತು, ಹೋಗಲಿಲ್ಲ, ಯಾರು ಹೋಗುತ್ತಾರೆ ಅಂತ ಬೇರಿಂಗಿಗೆ ಹಾಕುವ ಗಟ್ಟಿ ಗ್ರೀಸನ್ನೇ ಬೆರಳಲ್ಲಿ ತೆಗೆದು ಮೆತ್ತಿದೆ, ಸದ್ದು ನಿಂತಿತು, ಮಂತ್ರ ಹಾಕಿದೀಯೇನೋ ಅಂದಳು, ಮರುದಿನ ಬೆಳಗ್ಗೆ ಚಳಿ, ಗ್ರೀಸು ಇನ್ನಷ್ಟು ಬಿಗಿದುಕೊಂಡಿತು, ಇಳಿಜಾರು ಮುಗಿಯುವಲ್ಲಿ ಕಾಲು ಒತ್ತಿದ್ದಾಳೆ, ಹಿಡಿಯಲಿಲ್ಲ, ಎಡಭುಜದ ಮೇಲೆ ಬಿದ್ದಳು, ಎಲುಬು ಮುರಿಯಿತು. ಜನ ಅವಳನ್ನು ಎತ್ತಿಕೊಂಡು ಹೋದ ಮೇಲೆ ರಸ್ತೆಬದಿಯಲ್ಲಿ ಬಿದ್ದಿದ್ದ ಸೈಕಲ್ ಎತ್ತಿ ಪೆಡಲ್ ತಿರುಗಿಸಿ ನೋಡಿದವನು ನಾನು, ನನಗೆ ಅಲ್ಲೇ ಗೊತ್ತಾಯಿತು, ಆದರೂ ಆಸ್ಪತ್ರೆಯಲ್ಲಿ ಅಮ್ಮ ಈ ವಯಸ್ಸಿಗೆ ಬೇಕಿತ್ತಾ ಇವಳಿಗೆ ಅಂದಾಗ, ಭಾವ ಏನಪ್ಪಾ ನಿಜವಾಗಿ ಆಗಿದ್ದು ಅಂತ ನನ್ನನ್ನೇ ಕೇಳಿದಾಗ, ಬ್ಯಾಲೆನ್ಸ್ ಮೊದಲಿನ ಹಾಗಿಲ್ಲ ಭಾವ, ಅಂದೆ, ಅಕ್ಕ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಕೇಳಿಸಿಕೊಂಡಳು.

ಹಬ್ ಬಿಚ್ಚಿದೆ, ಹಳದಿ ಗ್ರೀಸು ಹಾಗೇ ಕೂತಿದೆ, ನಾಲಿಗೆಗಳು ಅದರಲ್ಲಿ ಹೂತುಹೋಗಿವೆ, ಬಟ್ಟೆಯಿಂದ ಒರೆಸಿಬಿಟ್ಟರೆ ಮುಗಿಯಿತು, ಅರ್ಧ ನಿಮಿಷದ ಕೆಲಸ, ಸೈಕಲ್ಲು ಗೋಡೆ ಸೇರುತ್ತದೆ, ಯಾರಿಗೂ ಯಾವತ್ತೂ — ಅಕ್ಕಾ. ಏನೋ. ಸ್ವಲ್ಪ ಬಾ ಇಲ್ಲಿ. ಎದ್ದಳು, ಎರಡು ಹೆಜ್ಜೆಗೂ ಗೋಡೆ ಹಿಡಿದಳು, ಬೆರಳಿಟ್ಟು ತೋರಿಸಿದೆ, ನೀನು ಬಿದ್ದಿದ್ದು ಬ್ಯಾಲೆನ್ಸ್ ತಪ್ಪಿ ಅಲ್ಲ, ನಾನು ಗಟ್ಟಿ ಗ್ರೀಸ್ ಹಾಕಿದ್ದೆ, ಹಾಕಬಾರದಿತ್ತು, ಕಚ್ಚಲಿಲ್ಲ. ನೋಡಿದಳು, ಮುಟ್ಟಿದಳು, ಬೆರಳಿಗಂಟಿದ್ದನ್ನು ಹೆಬ್ಬೆರಳಲ್ಲಿ ತಿಕ್ಕಿದಳು, ಯಾವಾಗ ಗೊತ್ತಾಯ್ತು ನಿಂಗೆ, ಅವತ್ತೇ, ಅವತ್ತೇನಾ, ಹೂಂ, ಆಸ್ಪತ್ರೆಗೆ ಬರೋಕೆ ಮುಂಚೆನೇ. ಬೈಯುತ್ತಾಳೆ ಅಂದುಕೊಂಡೆ, ಕೆನ್ನೆಗೆ ಬಾರಿಸಿದ್ದರೂ ಹಗುರಾಗುತ್ತಿತ್ತು, ದನಿ ಏರಲೇ ಇಲ್ಲ, ಎರಡು ತಿಂಗಳಿಂದ ಮೆಟ್ಟಿಲು ಇಳಿಯೋಕೂ ಹೆದರ್ತಿದೀನಿ ಕಣೋ, ಬೋರ್ಡಿಂದ ಮಕ್ಕಳ ಕಡೆ ತಿರುಗೋಕೂ ಮೇಜು ಹಿಡ್ಕೊಳ್ತೀನಿ, ತಲೇಲೇ ಏನೋ ಕೆಟ್ಟಿದೆ ಅಂದ್ಕೊಂಡು ಯಾರಿಗೂ ಹೇಳ್ದೆ ಡಾಕ್ಟರ ಹತ್ರ ಹೋಗಿದ್ದೆ, ನಿನಗೆ ಹೇಳೋಕೆ ಬಾಯಿರಲಿಲ್ವಾ. ಇತ್ತು, ಇತ್ತು ಅಕ್ಕಾ. ತೊಳಿ ಅದನ್ನ, ಅಂದಳು, ಅಷ್ಟೇ, ಸೀಮೆಎಣ್ಣೆಯಲ್ಲಿ ಅದ್ದಿದೆ, ಬ್ರಷ್ಷಿನಿಂದ ಉಜ್ಜಿದೆ, ಕೂದಲಿನಷ್ಟು ಸಣ್ಣ ಸ್ಪ್ರಿಂಗು ಬೆರಳ ಸಂದಿಯಿಂದ ಎರಡು ಸಲ ಹಾರಿಹೋಯಿತು, ಅವಳೇ ಬಗ್ಗಿ ಹುಡುಕಿಕೊಟ್ಟಳು, ತೆಳು ಎಣ್ಣೆ ಮೂರು ಹನಿ, ಸಾಕಾ ಅಂದಳು, ಸಾಕು ಅಂದೆ, ಗೊತ್ತಲ್ಲಾ ನಿಂಗೆ, ಅಂದಳು. ಸ್ಟುಡಿಯೋದವನು ಬಂದ, ಮಾರಲ್ಲ ಅಂದಳು, ಮೊಳೆ ಹೊಡ್ದಾಯ್ತಲ್ಲ ಮೇಡಂ ಅಂದ, ನಿಮ್ಮ ಫೋಟೋನೇ ನೇತುಹಾಕಿ, ಚೆನ್ನಾಗಿ ಕಾಣ್ತೀರ, ಅಂತ ಕಳಿಸಿದಳು.

ನಾನು ಮೊದಲು ಓಡಿಸಿ ನೋಡ್ತೀನಿ ಅಕ್ಕ, ಬೇಡ, ನಿನ್ನ ನಂಬಿದ್ದು ಸಾಕು, ಇನ್ನು ನನ್ನ ಕಾಲೇ ನೋಡ್ಕೊಳ್ಳಲಿ, ಇಳಿಜಾರಿನ ತಲೆಯಲ್ಲಿ ಹೆಲ್ಮೆಟ್ ಬಿಗಿದು ಕರೆಂಟ್ ಕಂಬ ಹಿಡಿದು ಹತ್ತಿದಳು, ಹಿಡಿದೇ ನಿಂತಳು, ಎಷ್ಟು ಹೊತ್ತು, ಇಳಿದುಬಿಡುತ್ತಾಳೆ ಅಂದುಕೊಳ್ಳುವಷ್ಟು ಹೊತ್ತು, ಬಿಟ್ಟಳು, ಮೂರು ತುಳಿತ, ಆಮೇಲೆ ಪಾದಗಳು ನಿಂತವು, ಚಕ್ರ ಓಡಿತು, ನಾನು ಹಿಂದೆ ಓಡುತ್ತಿದ್ದೇನೆ, ಈ ವಯಸ್ಸಿಗೆ ಬೇಕಿತ್ತಾ ಅಂತ ನನ್ನನ್ನು ಕೇಳಬೇಕು ಈಗ, ಏದುಸಿರು, ಚಪ್ಪಲಿ ಕಿತ್ತುಹೋಯಿತು, ಕೆಳಗೆ ರಸ್ತೆ ಸಮವಾಗುವಲ್ಲಿ, ಬಿದ್ದ ಜಾಗದಲ್ಲೇ, ಬಲಗಾಲು ಒತ್ತುತ್ತಾಳೆ, ಹಿಡಿ, ಹಿಡಿ, ಹಿಡಿಯಿತು, ಹಿಡಿಯಿತು ಅಕ್ಕಾ, ಹೋಗುತ್ತಿದ್ದಾಳೆ, ನೇರಕ್ಕೆ, ತಿರುಗಿ ನೋಡುವುದಿಲ್ಲ, ನೋಡಬೇಕಾಗಿಲ್ಲ, ಹಿಂದೆಲ್ಲ ಎರಡೂ ಕೈ ಅಗಲ ಚಾಚಿಕೊಂಡು ಹೋಗುತ್ತಿದ್ದಳು, ಬಲಗೈ ಈಗಲೂ ಹಾಗೇ ಚಾಚಿದೆ, ಎಡಗೈ ಭುಜದ ಎತ್ತರಕ್ಕೆ ಏಳುತ್ತಿಲ್ಲ, ಇನ್ನು ಸ್ವಲ್ಪ ಎತ್ತು, ಇನ್ನು ಸ್ವಲ್ಪ, ಎತ್ತುತ್ತಿದ್ದಾಳೆ, ಆಗುತ್ತಿಲ್ಲ, ತಿರುವು ಬಂತು, ಅರ್ಧಕ್ಕೇ ನಿಂತ ಆ ಎಡಗೈ, ಮರೆಯಾದ ಮೇಲೂ, ಅರ್ಧಕ್ಕೇ, ಆ ಎಡಗೈ