ನಮ್ಮತ್ತೆಯ ಬೀಸುಕಲ್ಲು

ಪುಣೆ ಹತ್ತಿರದ ಕುರಕುಂಭದಾಚೆ, ಕಾರ್ಖಾನೆಗಳು ಬರುವ ಮೊದಲೇ, ವಿಜಯಪುರದ ಕಡೆಯಿಂದ ಕಲ್ಲು ಒಡೆಯಲು ಬಂದ ನಮ್ಮ ಹಿರಿಯರು ಮಣ್ಣಿನ ಮನೆಗಳ ಒಂದು ವಸ್ತಿ ಕಟ್ಟಿದ್ದರು. ಬಾವಿ ಬತ್ತಿದ ಮೇಲೆ ಒಬ್ಬೊಬ್ಬರಾಗಿ ಪುಣೆಯ ಯೆರವಡಾಕ್ಕೆ ಬಂದೆವು. ಪಾಳುಬಿದ್ದ ಆ ವಸ್ತಿಯನ್ನು ಈಗ ಒಂದು ಸಂಸ್ಥೆ ಮಣ್ಣಿನ ಗೋಡೆ, ಒಲೆ, ಕೋಳಿ ಸಮೇತ ಮತ್ತೆ ಎಬ್ಬಿಸಿದೆ. ರವಿವಾರ ನಮ್ಮಂಥ ಮುದುಕಿಯರನ್ನು ಟೆಂಪೋದಲ್ಲಿ ಕರೆದೊಯ್ಯುತ್ತಾರೆ. ನಾವು ಹಿಂದಿನಂತೆ ಬದುಕಬೇಕು, ಪುಣೆಯ ಜನ ನಿಂತು ನೋಡಬೇಕು.

ಉಳಿದದ್ದೆಲ್ಲ ಸರಿ, ನಮ್ಮತ್ತೆಯ ಬೀಸುಕಲ್ಲು ಮಾತ್ರ ಪಕ್ಕದ ಸಾವಂತ್ರವ್ವನ ಮನೆಯಲ್ಲಿತ್ತು. ವಸ್ತಿ ಬಿಡುವಾಗ ಭಾರವೆಂದು ನಾನೇ ಬಿಟ್ಟಿದ್ದೆ. ಕೊನೆಯವರೆಗೆ ಉಳಿದ ಆಕೆ ಅದರಲ್ಲೇ ಬೀಸಿಕೊಂಡಳು. ನಾನು ಮೊದಲು ಹೋದೆನೆಂದು ಸಿಟ್ಟಾಗಿ ಮಾತೂ ಬಿಟ್ಟಳು. ಈಗ ನನಗೆ ಆ ಕಲ್ಲು ಬೇಕಿತ್ತು. ಮಾತು ಬಿಟ್ಟವರಿಗೆ ಹೇಳಬೇಕಾದ್ದನ್ನು ನಮ್ಮ ಕಡೆ ಕೋಳಿಗೆ ಹೇಳುತ್ತಾರೆ.

"ಏ ಕೋಳಿ, ಮಂದಿ ಕಲ್ಲು ಇಟ್ಕೊಂಡವರ ಅಂಗಳದಾಗ ಕಾಳು ತಿನ್ನಬ್ಯಾಡ, ಅರಗಂಗಿಲ್ಲ," ಎಂದೆ ಒಂದು ರವಿವಾರ, ಆಕೆಗೆ ಕೇಳಿಸುವಂತೆ.

ಸಾವಂತ್ರವ್ವ ಕಸಬರಿಗೆ ಕೆಳಗಿಟ್ಟಳು. "ಕೋಳಿ, ನೀನಽ ಹೇಳು. ಬಿಟ್ಟು ಓಡಿ ಹೋಗುವಾಗ ಬ್ಯಾಡಾಗಿದ್ದ ಕಲ್ಲು, ಮಂದಿ ಫೋಟೊ ಹೊಡಿಯಾಕ ಬಂದ ಮ್ಯಾಲ ಹೆಂಗ ಬೇಕಾತು?"

ಕೋಳಿ ಕತ್ತು ಆ ಕಡೆ ಈ ಕಡೆ ತಿರುಗಿಸಿತು. ನೋಡಲು ಬಂದ ಜನ ಇದೂ ಆಟವೆಂದುಕೊಂಡು ಚಪ್ಪಾಳೆ ಹೊಡೆದರು. ಸಂಸ್ಥೆ ನಡೆಸುವ ಪೂರ್ವಾ ಓಡಿ ಬಂದು, ಇದನ್ನೇ ನಾಲ್ಕು ಗಂಟೆಗೆ ಇನ್ನೊಮ್ಮೆ ಮಾಡಿ ಎಂದು ಮರಾಠಿಯಲ್ಲಿ ಕೇಳಿಕೊಂಡಳು.

"ಖರೇ ಜಗಳ ಹೇಳಿದ ಹೊತ್ತಿಗೆ ಬರ್ತದೇನು?" ಎಂದು ಗೊಣಗಿದೆ. ಗೋಡೆಯಾಚೆ ಸಾವಂತ್ರವ್ವ ನಕ್ಕಿದ್ದು ಕೇಳಿಸಿತು.

ನಾಲ್ಕಕ್ಕೆ ಮತ್ತೆ ಜನ ಸೇರಿದರು. ನಾನು ಬೈಗುಳ ಹೊಂದಿಸಿಕೊಳ್ಳುವಷ್ಟರಲ್ಲಿ ಆಕೆಯೇ ಶುರು ಮಾಡಿದಳು.

"ಕೋಳಿ, ಅವರ ಕಲ್ಲು ಅವರಽ ಒಯ್ಯಲಿ. ಆದರ ಈ ವಯಸ್ಸಿನಾಗ ಒಬ್ಬರಿಗೆ ಅದು ತಿರುಗಂಗಿಲ್ಲ. ಎದುರಿಗೆ ಯಾರು ಕುಂದರ್ತಾರಂತ, ಕೇಳು."

ಕೋಳಿ ಆಗಲೇ ಹಿತ್ತಲಿಗೆ ಹೋಗಿತ್ತು. ನಾನೇ ಹೇಳಬೇಕಾಯಿತು.

"ಅಲ್ಲೇ ಇರಲಿ ಬಿಡವಾ. ನಾನಽ ಬರ್ತೀನಿ. ಜ್ವಾಳ ಹಸನ ಮಾಡೀಯೇನು?"

"ಮುಂಜಾನಿನಽ ಮಾಡೀನಿ. ಬಾ."

ಒಂದೇ ಗೂಟ ಹಿಡಿದು ಇಬ್ಬರೂ ತಿರುಗಿಸಿದೆವು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಜಗಳ ಯಾವಾಗ ಎಂದು ಪೂರ್ವಾ ದೂರದಿಂದ ಸನ್ನೆ ಮಾಡುತ್ತಿದ್ದಳು. ಸಾವಂತ್ರವ್ವ ಅತ್ತ ನೋಡಲೂ ಇಲ್ಲ. ಒಂದು ಮುಷ್ಟಿ ಜೋಳ ಹಾಕಿ, "ಮೊದಲಿಂದನೂ ಮೈಗಳ್ಳಿ ನೀನು. ಜೋರು ತಿರುವು," ಎಂದಳು.