ಹೇಮಪ್ಪನ ಹೆಸರಿನ ರಕ್ತ

ಅಳವಂಡಿಯಲ್ಲಿ ನಳಕ್ಕೆ ನೀರು ಬಿಡುವ ವಾಟರ್‌ಮನ್ ಹೇಮಪ್ಪನಿಗೆ ತನ್ನ ಮನೆತನದ ರಕ್ತದ ಬಗ್ಗೆ ಭಾಳ ಅಭಿಮಾನ. ಆ ರಕ್ತ ಇಲ್ಲಿಯತನಕ ಏನು ಸಾಧಿಸಿದೆ ಎಂದು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಅದು ಛಲೋ ರಕ್ತ ಎಂದು ತಾಯಿ ಯಮನೂರಮ್ಮ ಸಣ್ಣಂದಿನಿಂದ ಹೇಳುತ್ತ ಬಂದಿದ್ದಳು. ಇವನು ನಂಬಿಕೊಂಡಿದ್ದ.

ಹೆಂಡತಿ ಕವಿತಾ ಬಸುರಾಗಿ ಮೂರು ತಿಂಗಳಾದಾಗ ದವಾಖಾನೆಯಲ್ಲಿ ಎಲ್ಲ ಬಸುರಿಯರಿಗೆ ಮಾಡುವಂತೆ ಅವಳ ರಕ್ತವನ್ನೂ ತಪಾಸಣೆ ಮಾಡಿದರು. ಡಾಕ್ಟರಮ್ಮ ಅವಳನ್ನು ಕೂರಿಸಿಕೊಂಡು ಹೇಳಿದರು: "ನಿನ್ನ ರಕ್ತದಾಗ ಥಲಸೇಮಿಯಾದ ಅಂಶ ಐತಿ. ಹುಟ್ಟಿದಾಗಿಂದ ಐತಿ, ಅದರಿಂದ ನಿನಗೇನೂ ತೊಂದ್ರಿ ಇಲ್ಲ. ಆದ್ರ ನಿನ್ನ ಗಂಡಗೂ ಅದ ಇತ್ತಂದ್ರ ಕೂಸಿಗೆ ದೊಡ್ಡ ಬ್ಯಾನಿ ಬರಬಹುದು. ಜೀವ ಇರೂತನಕ ಮ್ಯಾಲಿಂದ ಮ್ಯಾಲೆ ರಕ್ತ ಹಾಕಿಸಬೇಕಾಗ್ತದ. ಅವರನ್ನ ಕಳಸು, ಸ್ವಲ್ಪ ರಕ್ತ ಕೊಟ್ರ ಸಾಕು."

ಸುದ್ದಿ ಕೇಳಿ ಯಮನೂರಮ್ಮ ನ್ಯಾಯ ತೀರಿಸಿಬಿಟ್ಟಳು. "ದೋಷ ಇರೂದು ಅಕಿ ತವರಮನಿ ರಕ್ತದಾಗ. ನೀ ಯಾಕ ಕೊಡ್ತಿ?"

ಹೇಮಪ್ಪನಿಗೆ ಈ ತೀರ್ಪು ಬಹಳ ಹಿಡಿಸಿತು. ಕಾರಣ ಮನೆತನವಲ್ಲ, ಸೂಜಿ. ನಾಯಿ ಕಚ್ಚಿದಾಗಲೂ ಅರಿಷಿಣ ಹಚ್ಚಿಕೊಂಡು ಮಲಗಿ, ದೇವರ ದಯದಿಂದ ಬದುಕಿದ ಗಂಡಸು ಅವನು. "ಹೋಗಿದ್ರೇನ್ರಿ?" ಎಂದು ಕವಿತಾ ದಿನಾ ಕೇಳುವಳು. "ಮೋಟರ್ ಸುಟ್ಟೈತಿ, ನಾಳಿ ಹೋಗ್ತೀನಿ" ಎಂದು ಇವನು ದಿನಾ ಹೇಳುವನು. ಆ ತಿಂಗಳು ಸುಟ್ಟಷ್ಟು ಮೋಟರು ಊರಿನ ಇತಿಹಾಸದಲ್ಲೇ ಸುಟ್ಟಿರಲಿಲ್ಲ.

ಅಷ್ಟರಲ್ಲಿ ಕವಿತಾಳ ತಮ್ಮ ಗಾಳೇಶ ಅಕ್ಕನನ್ನು ನೋಡಲು ಬಂದ. ಗಂಗಾವತಿಯ ರೈಸ್‌ಮಿಲ್ಲಿನ ಲಾರಿ ಓಡಿಸುವ ಹುಡುಗ. ಸೋದರಮಾವನ ಮಗಳು ಹುಲಿಗವ್ವನ ಜೋಡಿ ಅವನ ಲಗ್ನ ಗೊತ್ತಾಗಿತ್ತು. ಹೇಮಪ್ಪ ಅವನನ್ನು ಹೋಟೆಲಿಗೆ ಕರೆದೊಯ್ದು ಮಿರ್ಚಿ ತಿನ್ನಿಸಿದ.

"ನನ್ನ ಬದಲಿ ನೀ ಹೋಗಿ ರಕ್ತ ಕೊಟ್ಟು ಬಾ. ನಿನ್ನ ರಕ್ತ ಬ್ಯಾರೆ, ನನ್ನ ರಕ್ತ ಬ್ಯಾರೆ ಏನು?"

"ಮಾಮಾ, ಗೊತ್ತಾದ್ರ?"

"ಹೆಸರು ಹೇಮಪ್ಪ ಅನ್ನು. ಕೆಂಪಗ ಇದ್ರ ಮುಗೀತು."

ಅಕ್ಕನ ಗಂಡನಿಗೆ ಒಲ್ಲೆ ಅನ್ನುವುದು ಹೇಗೆ ಎಂದು ಗಾಳೇಶನಿಗೆ ತಿಳಿಯಲಿಲ್ಲ. ಹೇಮಪ್ಪನ ಆಧಾರ್ ಕಾರ್ಡ್ ಕಿಸೆಯಲ್ಲಿ ಇಟ್ಟುಕೊಂಡು ಹೋದ. ಆ ಕಾರ್ಡಿನ ಫೋಟೊ ಹೇಮಪ್ಪನಂತೆಯೂ ಇರಲಿಲ್ಲವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಮುಂದಿನ ವಾರ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಕರೆಸಿದರು. ಹೇಮಪ್ಪನ ಹೆಸರಿನ ರಕ್ತದಲ್ಲೂ ಅದೇ ಅಂಶ ಸಿಕ್ಕಿತ್ತು. "ಇಬ್ಬರಿಗೂ ಇದ್ರ ನಾಕರಾಗ ಒಂದು ಪಾಲು ಕೂಸಿಗೆ ಬ್ಯಾನಿ ಬರೂ ಸಾಧ್ಯತೆ. ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಬರದು ಕೊಡ್ತೀನಿ. ಹೊಟ್ಟ್ಯಾಗಿನ ಕೂಸಿಂದ ತಪಾಸಣಿ ಮಾಡ್ತಾರ. ತಡ ಮಾಡಬ್ಯಾಡ್ರಿ."

ಕವಿತಾ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಪಕ್ಕದಲ್ಲಿ ಹೇಮಪ್ಪನಿಗೆ ಒಳಗೊಳಗೆ ನಿರಾಳ: ದೋಷ ಗಾಳೇಶನದು, ತನ್ನದಲ್ಲ. ಆದರೆ ಅದನ್ನು ಹೇಳಿದರೆ ಮರ್ಯಾದೆ ಹೋಗುತ್ತದೆ. ಒಂದು ಕಡೆ ಹೆಂಡತಿ, ಒಂದು ಕಡೆ ಮರ್ಯಾದೆ. ಹೇಮಪ್ಪ ನ್ಯಾಯವಾಗಿ ತೂಗಿ ನೋಡಿ ಮರ್ಯಾದೆಯನ್ನೇ ಉಳಿಸಿಕೊಂಡ.

ಮನೆಯಲ್ಲಿ ಯಮನೂರಮ್ಮ ತೀರ್ಪು ಬದಲಿಸಿದಳು. ಇದು ಹೇಮಪ್ಪನ ಅಪ್ಪನ ಕಡೆಯಿಂದ ಬಂದದ್ದು, ಆ ಮಂದಿ ಮೊದಲಿನಿಂದಲೂ ಹಂಗೇ ಎಂದಳು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದರಿಂದ ಎದುರು ಮಾತಾಡಲಿಲ್ಲ.

ಹುಬ್ಬಳ್ಳಿಗೆ ಹೋಗುವ ಹಿಂದಿನ ದಿನ ಕವಿತಾ ಚೀಲಕ್ಕೆ ಸೀರೆ ತುಂಬುತ್ತಿದ್ದಳು. ನಾಲ್ಕು ತಿಂಗಳು ತುಂಬಿ ಹೊಟ್ಟೆ ಕಾಣತೊಡಗಿತ್ತು. ತಲೆ ಎತ್ತದೆ ಕೇಳಿದಳು: "ಹೊಟ್ಟಿಗೆ ಸೂಜಿ ಹಾಕಿ ಕೂಸಿನ ಸುತ್ತಿನ ನೀರು ತಗೀತಾರಂತ. ಕೂಸಿಗೆ ತಾಗೂದಿಲ್ಲಲ್ಲರಿ?"

ತೋಳಿನ ಸೂಜಿಗೆ ಹೆದರಿ ಓಡಿದ್ದ ಹೇಮಪ್ಪನಿಗೆ ಆ ಹೊಟ್ಟೆಯ ಸೂಜಿ ಕಣ್ಣಿಗೆ ಕಟ್ಟಿತು. ಹೊಸ್ತಿಲ ಹತ್ತಿರ ಬಂದು ಕೂತ.

"ಕವಿತಾ, ಆ ರಕ್ತ ನಂದಲ್ಲ."

ಎಲ್ಲ ಹೇಳಿದ. ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಸೀರೆಯನ್ನು ಚೀಲದಿಂದ ಹೊರಗೆ ತೆಗೆದಿಟ್ಟಳು.

"ಹಂಗಾದ್ರ ನನ್ನ ತಮ್ಮಗೂ ಇದು ಐತಿ. ಹುಲಿಗವ್ವಗೂ ಇದ್ರ?"

ಅಷ್ಟು ದೂರ ಹೇಮಪ್ಪನ ತಲೆ ಹೋಗಿರಲಿಲ್ಲ. ಅದು ತನ್ನ ತೋಳಿನ ತನಕ ಬಂದು ನಿಂತಿತ್ತು.

"ನಾಳಿ ನನ್ನ ಮುಂದ ಕುಂತು ರಕ್ತ ಕೊಡ್ರಿ" ಎಂದಳು ಕವಿತಾ. "ಮಾತು ಆಮ್ಯಾಲ."

ಡಾಕ್ಟರಮ್ಮ ಕಥೆ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ರಕ್ತದಾಗ ಏನೂ ಇರಲಿಲ್ಲಂದ್ರ ಸುಮ್ಮಸುಮ್ಮನ ಈಕಿ ಹೊಟ್ಟಿಗೆ ಸೂಜಿ ಹಾಕಸ್ತಿದ್ವಿ. ಅದೂ ಹೋಗ್ಲಿ, ನಿಮಗ ಇದ್ದು ಅವಗ ಇರದಿದ್ರ? ಕೂಸು ಆರಾಮ ಇರ್ತದ ಅಂತ ಮನಿಗೆ ಕಳಸ್ತಿದ್ದೆ." ಹೇಮಪ್ಪ ಫ್ಯಾನು ನೋಡುತ್ತ ಕೂತ. ಸೂಜಿ ತಾಗುವ ಮೊದಲೇ 'ಯವ್ವಾ' ಎಂದ. ಸರದಿಯಲ್ಲಿದ್ದ ಬಸುರಿಯರು ಕುತೂಹಲದಿಂದ ನೋಡಿದರು.

ಅವನ ರಕ್ತದಲ್ಲಿ ಏನೂ ಇರಲಿಲ್ಲ. ಕೂಸಿಗೆ ಆ ದೊಡ್ಡ ಬ್ಯಾನಿಯ ಭಯವಿಲ್ಲ, ಹುಬ್ಬಳ್ಳಿಯೂ ಬೇಡ ಎಂದರು. ಯಮನೂರಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಹೇಮಪ್ಪ ತಾನೇ ದುಡಿದು ಆ ರಕ್ತ ಸಂಪಾದಿಸಿದವನಂತೆ ಓಡಾಡಿದ. ಕವಿತಾ ಮಾತ್ರ ಬಹಳ ದಿನ 'ಊಟ ಐತಿ' ಎಂಬುದರಾಚೆ ಅವನೊಂದಿಗೆ ಮಾತಾಡಲಿಲ್ಲ.

ಅವಳು ತಾನೇ ಬಸ್ಸು ಹತ್ತಿ ಸೋದರಮಾವನ ಮನೆಗೆ ಹೋದಳು. ಲಗ್ನದ ಪತ್ರಿಕೆ ಹಂಚಿಯಾಗಿದೆ, ಈಗ ಎಂಥ ತಪಾಸಣೆ ಎಂದು ಹಿರಿಯರು ಗದರಿದರು. ಹುಲಿಗವ್ವ ಯಾರನ್ನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು, "ನಡಿ ಅಕ್ಕ" ಎಂದಳು. ಅವಳ ರಕ್ತದಲ್ಲೂ ಆ ಅಂಶವಿತ್ತು. ಎರಡೂ ಮನೆಯವರು ದೋಷ ನಿಮ್ಮದು, ನಮ್ಮದಲ್ಲ ಎಂದು ಕಚ್ಚಾಡಿದರು. ಎರಡೂ ಮನೆಯ ರಕ್ತ ಒಂದೇ ಆದ್ದರಿಂದ ಯಾರು ಬೈದರೂ ಬೈಗುಳ ತಿರುಗಿ ಬೈದವರಿಗೇ ಬರುತ್ತಿತ್ತು.

ಲಗ್ನ ಆಗಬೇಡಿ ಎಂದು ಡಾಕ್ಟರಮ್ಮ ಹೇಳಲಿಲ್ಲ. ಪ್ರತಿ ಬಸುರಿನಲ್ಲೂ ಮೊದಲೇ ತಪಾಸಣೆ ಮಾಡಿಸಬೇಕು ಎಂದರು ಅಷ್ಟೆ. ಗಾಳೇಶ, ಹುಲಿಗವ್ವ ಸಾಣಾಪುರದ ಕೆರೆಯ ದಂಡೆಗೆ ಹೋಗಿ ಮಧ್ಯಾಹ್ನವೆಲ್ಲ ಕೂತರು. ಕೊನೆಗೆ ಅವಳು ಹೇಳಿದಳು: "ಪ್ರತಿ ಸಲ ಹಂಗ ಹೆದರಿಕೊಂಡು ಕುಂದ್ರೂದು ನನ್ನ ಕೈಲೆ ಆಗೂದಿಲ್ಲ. ನಿನ್ನ ಮ್ಯಾಲ ಸಿಟ್ಟಿಲ್ಲ." ಗಾಳೇಶ ಎದ್ದು ನಿಂತು, "ಹಂಗ ಆಗ್ಲಿ" ಎಂದ. ಅವಳನ್ನು ಮನೆಗೆ ಬಿಟ್ಟು ಲಾರಿ ಹತ್ತಿದ. ಬಹಳ ದಿನ ಅಳವಂಡಿಯ ಕಡೆ ಬರಲಿಲ್ಲ.

ತಾನಿಲ್ಲದಿದ್ದರೆ ಆ ಹುಡುಗರ ಗತಿ ಏನಾಗುತ್ತಿತ್ತು ಎಂದು ಹೇಮಪ್ಪ ಊರಲ್ಲಿ ಹೇಳಿಕೊಂಡು ತಿರುಗಿದ. ದುಃಖದ ಸಂಗತಿಯೆಂದರೆ, ಅದು ನಿಜವೇ ಆಗಿತ್ತು.

ಕವಿತಾ ಹೆಣ್ಣುಮಗುವನ್ನು ಹೆತ್ತಾಗ ಗಾಳೇಶ ಬಂದ. ಹೇಮಪ್ಪನನ್ನು ಮಾತಾಡಿಸದೆ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡ.

"ಅಕ್ಕ, ಈಕಿಗೂ ನಮ್ಮಂಗ ಇರಬಹುದಲ್ಲ?"

"ಇರಬಹುದು. ವರ್ಷ ತುಂಬಲಿ, ಡಾಕ್ಟರಮ್ಮನ್ನ ಕೇಳಿ ತಪಾಸಣಿ ಮಾಡಸ್ತೀನಿ. ಇದ್ರೂ ಆರಾಮ ಇರ್ತಾಳ, ನನ್ನಂಗ."

ಗಾಳೇಶ ತಲೆಯಾಡಿಸಿದ. ಅಷ್ಟರಲ್ಲಿ ಯಮನೂರಮ್ಮ ಬಾಗಿಲಲ್ಲಿ ಬಂದು ನಿಂತು, ಕೂಸಿನ ಮೂಗು ತಮ್ಮ ಮನೆತನದ್ದೇ ಎಂದು ಶುರುಮಾಡಿದಳು. ಅಕ್ಕ ತಮ್ಮ ಇಬ್ಬರೂ ಕೇಳಿಸಿಕೊಂಡರು. ಅಲ್ಲ ಎಂದು ಯಾರೂ ಅನ್ನಲಿಲ್ಲ.