ತಡವಾಗಿ ಬಂದ ಹಸಿರು

ಸಂಜೆ ಕವಿಯುತ್ತಿದ್ದಂತೆ ಆ ಹಸು ಕಣ್ಣು ಕಾಣದೆ ಕೊಟ್ಟಿಗೆಯ ಕಂಬಕ್ಕೆ ಹಣೆ ಬಡಿದುಕೊಳ್ಳುತ್ತಿತ್ತು. ಪಶುವೈದ್ಯನಾಗಿ ಆ ಊರಿಗೆ ಹೋದ ಹೊಸತರಲ್ಲಿ ನಾನು ಕಂಡ ಮೊದಲ ರೋಗಿ ಅದು. ಒಡತಿ ರುದ್ರವ್ವ, ಒಂಟಿ ಹೆಂಗಸು. ಗೋಮಾಳದ ಸುತ್ತ ಕಾರ್ಖಾನೆಯವರು ಗೋಡೆ ಕಟ್ಟಿದ ಮೇಲೆ ಅವಳ ಹಸು ನೀಲಿ, ಹಸಿರು ಮೇವನ್ನೇ ಕಂಡಿರಲಿಲ್ಲ; ಬಣವೆಯಲ್ಲಿ ಬಿಸಿಲುಂಡು ಬೆಳ್ಳಗಾದ ಹುಲ್ಲೇ ಗತಿ. ಹಿಂದಿನ ಎರಡು ಕರುಗಳೂ ಕುರುಡಾಗಿ ಹುಟ್ಟಿ ಸತ್ತಿದ್ದವು. ಈಗ ಮತ್ತೆ ತುಂಬು ಗಬ್ಬ.

"ಯಾರೋ ಮಾಟ ಮಾಡ್ಯಾರ ಅಂತಾರ್ರಿ ಡಾಕ್ಟರ," ಎಂದಳು.

"ಮಾಟ ಅಲ್ಲವ್ವಾ, ಮೇವು. ಹಸಿರು ಸೊಪ್ಪಿನಲ್ಲಿ, ಗಜ್ಜರಿಯಲ್ಲಿ ಕೆರೋಟಿನ್ ಅಂತ ಒಂದು ಬಣ್ಣ ಇರುತ್ತೆ. ಹಸುವಿನ ಮೈಯಲ್ಲಿ ಅದು ಎ ಜೀವಸತ್ವ ಆಗುತ್ತೆ. ಹೊಟ್ಟೆಯಲ್ಲಿರೋ ಕರುವಿನ ಒಂದೊಂದು ಜೀವಕೋಶದ ಒಳಗೂ ಹೋಗಿ, ಯಾವ ಜೀನ್ ಏಳಬೇಕು, ಯಾವುದು ಸುಮ್ಮನಿರಬೇಕು ಅಂತ ತಿಳಿಸುತ್ತೆ. ಆ ಮಾತು ತಲುಪದಿದ್ರೆ ಎಲುಬು ಅಡ್ಡಾದಿಡ್ಡಿ ಬೆಳೆದು ಕಣ್ಣಿನ ನರ ಹಿಸುಕುತ್ತೆ."

"ಈಗ ತಿನ್ನಿಸಿದ್ರ?"

"ತಾಯಿ ಸುಧಾರಿಸುತ್ತೆ. ಕರುವಿನದು ಹೇಳೋಕಾಗಲ್ಲ. ಕಣ್ಣು ಮೂಡೋ ಹೊತ್ತು ದಾಟಿಹೋಗಿದೆ."

ಅವಳ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ನಾನು ಅದೇ ಜೀವಸತ್ವದ ಸೂಜಿ ಚುಚ್ಚಿ ಬಂದೆ. ಅವಳು ದಿನವೂ ಸಂತೆಪೇಟೆ ಸುತ್ತಿ, ಒಡೆದ ಗಜ್ಜರಿ, ಬಾಡಿದ ಸೊಪ್ಪು ಆರಿಸಿ ಹೊತ್ತು ತಂದಳು. ಕೆಲವೇ ವಾರಗಳಲ್ಲಿ ನೀಲಿಯ ಮೈ ಮಿಂಚಿತು. ಒಂದು ಸಂಜೆ ಅದು ಕಂಬವನ್ನು ತಪ್ಪಿಸಿ ತೊಟ್ಟಿಗೆ ನೇರ ನಡೆದು ನೀರು ಕುಡಿಯಿತು.

"ನೋಡಿದ್ರೇನ್ರಿ! ತಾಯಿಗೆ ಕಂಡದ್ದು ಮಗೀಗೆ ಕಾಣಂಗಿಲ್ಲೇನು?" ರುದ್ರವ್ವನ ನಗು ತಡೆಯಲಾರದಂತಿತ್ತು. ನನಗೂ ಆ ಗಳಿಗೆಯಲ್ಲಿ ನನ್ನ ಓದೇ ಸುಳ್ಳಾಗಲಿ ಅನಿಸಿತು.

ಕರು ಬೆಳಗಿನ ಜಾವ ಹುಟ್ಟಿತು. ಹೆಣ್ಣು. ತಡವರಿಸದೆ ಎದ್ದು ನಿಂತಿತು. ಕಣ್ಣುಗಳೋ ದೊಡ್ಡವು, ತಿಳಿ, ಕಪ್ಪು. ರುದ್ರವ್ವ ಕೈಮುಗಿದಳು. ನಾನು ಬ್ಯಾಟರಿ ಬೆಳಕು ಬಿಟ್ಟೆ. ಅಗಲವಾಗಿ ತೆರೆದ ಪಾಪೆ ಒಂದಿಷ್ಟೂ ಕುಗ್ಗಲಿಲ್ಲ.

ನಾನು ಬ್ಯಾಟರಿ ಆರಿಸಿದೆ. ಅವಳೇ ಅಂಗೈಯನ್ನು ಕರುವಿನ ಮುಖದ ಮುಂದೆ ಆಡಿಸಿದಳು, ಮತ್ತೆ ಆಡಿಸಿದಳು.

"ಇದಕ್ಕೂ ತಿನ್ನಿಸ್ತೀನ್ರಿ. ಮೇವು ಮೇಯಾಕ ಹತ್ತಿದ ಕೂಡಲೆ ತಿನ್ನಿಸ್ತೀನಿ."

"ಸತ್ತ ನರ ಮತ್ತೆ ಚಿಗುರೋದಿಲ್ಲವ್ವಾ."

ಅವಳು ಅಳಲಿಲ್ಲ. ಹೊತ್ತು ಮೂಡಿ ಬಾಗಿಲಿನಿಂದ ಬಿಸಿಲು ಕರುವಿನ ಮುಖಕ್ಕೆ ನೇರ ಬಿತ್ತು. ಅದು ರೆಪ್ಪೆ ಮಿಟುಕಿಸಲಿಲ್ಲ. ರುದ್ರವ್ವ ಎದ್ದು ಬಂದು ಬಾಗಿಲಿಗೆ ಬೆನ್ನು ಕೊಟ್ಟು, ಸೆರಗನ್ನು ಎರಡೂ ಕೈಯಲ್ಲಿ ಹರಡಿ ಹಿಡಿದು, ಆ ಕಣ್ಣುಗಳಿಗೆ ನೆರಳು ಮಾಡಿ ನಿಂತಳು.